ಪೂಜೆಗೆ ಇಟ್ಟ ಮತಾಪು

ನಮ್ಮ ಬೇವೂರು ಕಡೆಯವರಿಗೆ ನೀರೆಂದರೆ ಬಾವಿಯ ನೀರು. ಹಗ್ಗ ಬಿಟ್ಟು ಸೇದಿದರೆ ಬರುತ್ತದೆ, ಇಲ್ಲವಾದರೆ ತನ್ನ ಪಾಡಿಗೆ ತಾನು ಕೆಳಗೆ ಬಿದ್ದಿರುತ್ತದೆ. ನೀರು ತಾನಾಗಿಯೇ ಎದ್ದು ಮನುಷ್ಯನನ್ನು ಹುಡುಕಿಕೊಂಡು ಬರಬಲ್ಲದು ಎಂಬುದು ನನಗೆ ಇಪ್ಪತ್ತೆರಡನೆಯ ವಯಸ್ಸಿನವರೆಗೆ ಗೊತ್ತಿರಲಿಲ್ಲ. ಆ ವಯಸ್ಸಿನಲ್ಲಿ ನನಗೆ ಸರಕಾರಿ ಸಾಲಿಯ ಮಾಸ್ತರಿಕೆ ಸಿಕ್ಕಿತು. ಸಿಕ್ಕಿದ್ದು ಗಂಗಾವತಿ ತಾಲೂಕಿನ ಹೊಳೆದಂಡೆಯ ಒಂದು ಹಳ್ಳಿಯಲ್ಲಿ, ಸಾಣಾಪುರದಿಂದ ಒಂದು ಹರದಾರಿ ಆಚೆ. ತುಂಗಭದ್ರೆ ಊರಿನ ಹಿತ್ತಲಲ್ಲೇ ಹರಿಯುತ್ತಿತ್ತು. ಈಚೆ ದಂಡೆ ನಿಜಾಮರದು, ಆಚೆ ದಂಡೆ ಇಂಗ್ಲಿಷರದು. ಯುದ್ಧ ಶುರುವಾಗಿ ಒಂದೆರಡು ವರ್ಷವಾಗಿತ್ತು, ಸೀಮೆಎಣ್ಣೆ ಸಿಗುವುದು ಕಷ್ಟವಾಗಿತ್ತು.

ನನಗೆ ಈಜು ಬರುತ್ತಿರಲಿಲ್ಲ. ಬರುತ್ತಿದ್ದುದು ಉರ್ದು. ಸರಕಾರದಿಂದ ಬರುವ ಕಾಗದವೆಲ್ಲ ಉರ್ದುವಿನಲ್ಲಿ, ಆ ಊರಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಹೀಗಾಗಿ ಮೀಸೆ ಕೂಡ ಸರಿಯಾಗಿ ಮೂಡದ ನನ್ನನ್ನು ಕಂಡರೆ ಊರ ಗೌಡರೂ ಕಟ್ಟೆಯ ಮೇಲೆ ಸರಿದು ಕೂತು, "ಬರ್ರಿ ಮಾಸ್ತರ್ರ, ಕುಂದರ್ರಿ" ಅನ್ನುತ್ತಿದ್ದರು. ನಮ್ಮೂರಲ್ಲಿ ನಮ್ಮಪ್ಪನಿಗೆ ಯಾರೂ ಹಾಗೆ ಅಂದದ್ದು ನಾನು ಕಂಡಿರಲಿಲ್ಲ. ಆ ಮರ್ಯಾದೆ ನನ್ನ ತಲೆಗೇರಿತು. ಏರಿದ್ದು ಎಷ್ಟೆಂದರೆ, ಅದನ್ನು ಉಳಿಸಿಕೊಳ್ಳಲು ನಾನು ಏನು ಮಾಡಿದೆ ಎಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ.

ಹೊಳೆಯ ನಡುವೆ ಒಂದು ಗಡ್ಡೆ ಇತ್ತು. ಆನೆ ಗಾತ್ರದ ಗುಂಡುಕಲ್ಲುಗಳು, ಅವುಗಳ ಸಂದಿಯಲ್ಲಿ ಸೊಂಟದೆತ್ತರದ ಹುಲ್ಲು. ಊರವರು ದನ ಎಮ್ಮೆ ಮೇಯಿಸಲು ಅಲ್ಲಿಗೆ ಹೋಗುವರು. ಎಮ್ಮೆಗಳು ಈಜಿಕೊಂಡು ಹೋದರೆ ಮನುಷ್ಯರನ್ನು ಅಂಬಿಗ ತನ್ನ ಹರಗೋಲಿನಲ್ಲಿ ಕೂರಿಸಿಕೊಂಡು ಹೋಗಿ ಬಿಡುತ್ತಿದ್ದ. ಊರಿಗೆಲ್ಲ ಇದ್ದುದು ಅದೊಂದೇ ಹರಗೋಲು, ಅದೂ ನಾಲ್ಕು ಮಂದಿ ಕೂತರೆ ಐದನೆಯವನು ದೇವರನ್ನು ನೆನೆಯಬೇಕಾದಷ್ಟು ಸಣ್ಣದು. ದೊಡ್ಡ ಹರಗೋಲುಗಳಿದ್ದುದು ಆಚೆ ದಂಡೆಯ ಬೆಸ್ತರ ಕೇರಿಯಲ್ಲಿ, ನಮ್ಮ ಊರಿಗಿಂತ ಸ್ವಲ್ಪ ಮೇಲ್ಗಡೆ. ಹೊಳೆ ತುಂಬಿದಾಗ ಗಡ್ಡೆಯಲ್ಲಿ ಯಾರಾದರೂ ಸಿಕ್ಕಿಕೊಂಡರೆ ಅವರೇ ಬರಬೇಕು, ಮೇಲಿನಿಂದ ಎರಡು ಹರಗೋಲುಗಳನ್ನು ಹಗ್ಗದಿಂದ ಕಟ್ಟಿಕೊಂಡು ಸೆಳವಿನ ಜೊತೆಗೆ ತೇಲಿ ಬರಬೇಕು. ಆದರೆ ಅವರನ್ನು ಕರೆಯುವುದು ಹೇಗೆ? ಹೊಳೆ ತುಂಬಿದಾಗ ಕೂಗಿದರೆ ಪಕ್ಕದವನಿಗೇ ಕೇಳುವುದಿಲ್ಲ.

ಅದಕ್ಕೆಂದೇ ಒಂದು ಬೇಸಿಗೆಯಲ್ಲಿ ಗಂಗಾವತಿಯಿಂದ ಒಬ್ಬ ಓವರಸಿಯರ್ ಕುದುರೆ ಏರಿ ಬಂದು ಒಂದು ತಗಡಿನ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟ. ಅದರೊಳಗೆ ಮೊಳದುದ್ದದ ಮೂರು ಕೊಳವೆಗಳು, ಮೇಣದ ಕಾಗದದಲ್ಲಿ ಬಿಗಿಯಾಗಿ ಸುತ್ತಿದವು. ಒಂದೊಂದರ ತುದಿಗೂ ಒಂದು ಮುಚ್ಚಳ. ಮುಚ್ಚಳ ತೆಗೆದು ಅದರ ಒರಟು ಮೈಯನ್ನು ಕೊಳವೆಯ ತುದಿಗೆ ಕಡ್ಡಿ ಗೀರಿದಂತೆ ಗೀರಿದರೆ ಕೆಂಪು ಬೆಂಕಿ ಉರಿಯುತ್ತದೆ.

"ಮಾಸ್ತರ್ರ, ಇದು ಮದುವಿ ಮೆರವಣಿಗಿ ಮತಾಪು ಅಲ್ಲ," ಎಂದು ಅವನು ಬೆರಳೆತ್ತಿ ಹೇಳಿದ. "ಜೀವ ಉಳಸೂ ಮತಾಪು. ಆಚಿ ದಂಡಿ ಬೆಸ್ತರಿಗೆ ಹೇಳೀನಿ, ಕೆಂಪು ಬೆಳಕು ಕಂಡ್ರ ಹರಗೋಲ ಬಿಡ್ತಾರ. ಹ್ಯಾಂಗ ಇಡಬೇಕು, ಹ್ಯಾಂಗ ಹಚ್ಚಬೇಕು, ಎಲ್ಲಾ ಈ ಕಾಗದದಾಗ ಐತಿ. ಮಂದಿಗೆ ಓದಿ ಹೇಳ್ರಿ."

ಅಂದೇ ಸಂಜೆ ಚಾವಡಿಯಲ್ಲಿ ಊರವರನ್ನು ಕೂಡಿಸಿ ಓದಿದೆ. ನನಗೆ ಆ ಓದು ಇನ್ನೂ ಬಾಯಿಪಾಠ. ನೀರು ತಾಗದ ಕಡೆ ಇಡಬೇಕು. ಆಟಕ್ಕೆ, ಹಬ್ಬಕ್ಕೆ ಹಚ್ಚಬಾರದು. ಹಚ್ಚುವಾಗ ಕೈ ಪೂರಾ ಚಾಚಬೇಕು, ಗಾಳಿ ಬೆನ್ನಿಗೆ ಇರಬೇಕು, ಕಿಡಿ ತಮ್ಮ ಮೇಲೂ ಮನೆಗಳ ಮೇಲೂ ಬೀಳಬಾರದು. ಬೆಂಕಿಯನ್ನು ದಿಟ್ಟಿಸಿ ನೋಡಬಾರದು. ನೆರವಿಗೆ ಬರುವವರಿಗೆ ಮರೆಯಿಲ್ಲದೆ ಕಾಣುವ ಜಾಗದಲ್ಲಿ ಹಚ್ಚಬೇಕು. ಮೂರನ್ನೂ ಒಮ್ಮೆಲೇ ಸುಡಬಾರದು, ಬರುವವರು ಹತ್ತಿರ ಬಂದಾಗ ದಾರಿ ತೋರಿಸಲು ಒಂದನ್ನು ಉಳಿಸಿಕೊಳ್ಳಬೇಕು. ನೀರು ಕುಡಿದದ್ದನ್ನು, ಒಡೆದದ್ದನ್ನು ಹಚ್ಚಲೇಬಾರದು, ಅದು ಪಕ್ಕಕ್ಕೆ ಸಿಡಿಯುತ್ತದೆ.

ಜನ ಕೇಳಿಸಿಕೊಂಡರು. ಕೇಳಿಸಿಕೊಂಡದ್ದಕ್ಕಿಂತ ಹೆಚ್ಚಾಗಿ ಕೊಳವೆಗಳನ್ನು ನೋಡಿದರು. ನಾನು ಉರ್ದುವನ್ನು ಗಟ್ಟಿಯಾಗಿ ಓದಿ ಆಮೇಲೆ ಕನ್ನಡ ಮಾಡುತ್ತಿದ್ದೆ. ಕನ್ನಡದ್ದನ್ನು ಮಾತ್ರ ಹೇಳಿದ್ದರೆ ಸಾಕಿತ್ತು, ಆದರೆ ಉರ್ದು ಓದದಿದ್ದರೆ ನಾನು ಯಾವ ಮಾಸ್ತರ? ಓದಿ ಮುಗಿಸಿ ಕಾಗದ ಮಡಚುವಾಗ ಚಾವಡಿಯ ಮೆಟ್ಟಿಲ ಕೆಳಗಿನಿಂದ ಒಂದು ಹೆಣ್ಣುದನಿ ಬಂತು.

"ಮಾಸ್ತರ್ರ, ಆ ಮ್ಯಾಣದ ಕಾಗದ ಯಾವಾಗ ಬಿಚ್ಚಬೇಕ್ರಿ?"

ಕೇಳಿದವಳು ಸಾಲಿಯ ಕಸ ಹೊಡೆದು ನೆಲ ಸಾರಿಸುವ ಹೆಣ್ಣುಮಗಳು. ನಲವತ್ತೈದರ ಆಸುಪಾಸಿನವಳು. ಗಂಡನನ್ನು ಹೊಳೆಯೇ ಒಯ್ದಿತ್ತಂತೆ. ಒಬ್ಬ ಮಗ, ಹೊಸದಾಗಿ ಬಂದ ಸೊಸೆ, ಒಂದು ಜೋಡಿ ಎತ್ತು, ಎರಡು ಎಮ್ಮೆ, ಹೊಳೆದಂಡೆಗೆ ಒಂದು ತುಂಡು ಹೊಲ. ಸಾಲಿಯ ಕೆಲಸಕ್ಕೆ ಸುಗ್ಗಿಯಲ್ಲಿ ಊರವರು ಜೋಳ ಅಳೆಯುತ್ತಿದ್ದರು. ಅವಳ ಪ್ರಶ್ನೆಗೆ ಎಲ್ಲರೂ ನಕ್ಕರು. "ನೀ ಏನ್ ಹಚ್ಚಾಕಿ ಅದನ್ನ?" ಎಂದರು ಗೌಡರು. ನಾನು ಕಾಗದ ಬಿಚ್ಚಿ ನೋಡಿದೆ. ಅವಳು ಕೇಳಿದ ಸಾಲು ಅಲ್ಲಿತ್ತು, ನಾನೇ ಅವಸರದಲ್ಲಿ ಬಿಟ್ಟಿದ್ದೆ. "ಹಚ್ಚುವ ಗಳಿಗೆಯವರೆಗೆ ಬಿಚ್ಚಬಾರದು" ಎಂದು ಓದಿದೆ. "ಹಂಗ ಅನ್ರಿ" ಎಂದು ಅವಳು ಕಸಬರಿಗೆ ಎತ್ತಿಕೊಂಡು ಹೋದಳು.

ಆ ಮಳೆಗಾಲ ಹೊಳೆ ಮರ್ಯಾದೆಯಿಂದ ಹರಿಯಿತು. ಮತಾಪಿನ ಕೆಲಸ ಬೀಳಲಿಲ್ಲ. ಮಾನವಮಿ ಬಂತು.

ಮಾನವಮಿಯ ಖಂಡೇಪೂಜೆಗೆ ನಮ್ಮ ಕಡೆ ದುಡಿಯುವ ಸಾಮಾನಿಗೆಲ್ಲ ಪೂಜೆ. ನೇಗಿಲು, ಕುಡಗೋಲು, ಅಂಬಿಗನ ಹುಟ್ಟು, ಬಡಿಗನ ಬಾಚಿ, ನನ್ನ ಸಾಲಿಯ ಮಸಿಕುಡಿಕೆ ಕೂಡ. ಎಲ್ಲವನ್ನೂ ತೊಳೆದು, ವಿಭೂತಿ ಬಳಿದು, ಕುಂಕುಮ ಹಚ್ಚಿ ಚಾವಡಿಯಲ್ಲಿ ಸಾಲಾಗಿ ಇಡುವುದು ಆ ಊರಿನ ರೂಢಿ. ಗೌಡರಿಗೆ ಇದ್ದಕ್ಕಿದ್ದಂತೆ ನೆನಪಾಯಿತು.

"ಜೀವ ಉಳಸೂ ಸಾಮಾನು ಪೆಟಗ್ಯಾಗ ಕುಂತೈತಲ್ರೀ! ಕುಡಗೋಲಿಗಿ ಪೂಜಿ, ಅದಕ್ಕ ಇಲ್ಲಂದ್ರ ಹ್ಯಾಂಗ? ತರ್ರಿ ಮಾಸ್ತರ್ರ."

ತಂದೆ. ತರಬಾರದಿತ್ತು ಎಂದು ಈಗ ಅನ್ನುವುದಿಲ್ಲ, ತಂದಿದ್ದರಲ್ಲಿ ತಪ್ಪಿರಲಿಲ್ಲ. ತಪ್ಪು ಮುಂದಿನದು. ಪೂಜೆಗೆ ಕೂತಿದ್ದವನು ಅಂಬಿಗ. ವಯಸ್ಸಾದವನು, ಒಳ್ಳೆಯವನು, ದೇವರ ವಿಷಯದಲ್ಲಿ ಕಡುನಿಷ್ಠ. ಅವನು ಕೊಳವೆಗಳನ್ನು ತಿರುಗಿಸಿ ಮುರುಗಿಸಿ ನೋಡಿದ.

"ಮಾರಿ ಮುಚಿಗೊಂಡ ದೇವರಿಗೆ ಪೂಜಿ ಮಾಡೂದು ಹ್ಯಾಂಗ್ರಿ? ಕಾಗದ ಬಿಚ್ಚೂಣು," ಎಂದ.

ಬಿಚ್ಚಿದ. ಮೂರನ್ನೂ ಹಿತ್ತಾಳೆ ಹರಿವಾಣದಲ್ಲಿಟ್ಟ. ಬಿಂದಿಗೆಗೆ ಕೈ ಹಾಕಿದ.

ಆಗ ಮೆಟ್ಟಿಲ ಕೆಳಗಿನಿಂದ ಅದೇ ದನಿ: "ಯಣ್ಣಾ, ನೀರು ಹಾಕಬ್ಯಾಡೋ. ಒಣಗಿರಬೇಕಂತ ಮಾಸ್ತರ್ರು ಓದ್ಯಾರ."

ಮಂಗಳಾರತಿಗೆ ಕರ್ಪೂರ ಇಟ್ಟಿದೆ, ಗಂಡ ಸತ್ತವಳು ನಡುವೆ ಬಾಯಿ ಹಾಕಿ "ಬೇಡ" ಅನ್ನುತ್ತಿದ್ದಾಳೆ. ಗೌಡರ ಹುಬ್ಬು ಗಂಟಾಯಿತು. "ಏ, ಶುಭದ ಹೊತ್ತಿನಾಗ ಅಪಶಕುನ ನುಡೀಬ್ಯಾಡ. ಸುಮ್ನ ನಿಂದ್ರು!"

ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ಅವಳೂ ನೋಡಿದಳು. ನನ್ನ ತಲೆಯ ಮೇಲೆ ಗೌಡರೇ ಸುತ್ತಿದ ಹೊಸ ರುಮಾಲಿತ್ತು. ಮೊದಲ ಕಾಯಿ ಒಡೆಯುವ ಮಾನವನ್ನು ಆ ವರ್ಷ ನನಗೆ ಕೊಟ್ಟಿದ್ದರು, ಕಾಯಿ ನನ್ನ ಕೈಯಲ್ಲೇ ಇತ್ತು. "ಹೌದು, ನೀರು ಹಾಕಬೇಡಿ" ಎನ್ನಲು ಮೂರೇ ಮಾತು ಸಾಕಿತ್ತು. ಆದರೆ ಅಂದರೆ ಗೌಡರ ಮಾತನ್ನು ಒಬ್ಬ ವಿಧವೆಯ ಪರವಾಗಿ ತುಂಬಿದ ಚಾವಡಿಯಲ್ಲಿ ಅಲ್ಲಗಳೆದಂತೆ. ಬೇವೂರಿನ ಒಕ್ಕಲಿಗನ ಮಗನಿಗೆ ಸಿಕ್ಕ ರುಮಾಲು ಅದೇ ಗಳಿಗೆಯಲ್ಲಿ ಜಾರೀತು ಅನ್ನಿಸಿತು. ನಾನು ಕಾಯಿ ಒಡೆದೆ.

ಅಂಬಿಗ ನೀರು ಸುರಿದ, ಹಾಲು ಸುರಿದ, ಒಂದು ಚಮಚೆ ತುಪ್ಪವನ್ನೂ ಬಿಟ್ಟ. ಮೂರು ಕೊಳವೆಗಳಿಗೂ ಮೂರು ಬೆರಳಿನ ವಿಭೂತಿ ಎಳೆದ. ನೋಡಲು ಚೆಂದವಾಗಿತ್ತು, ಸುಳ್ಳು ಹೇಳಲಾರೆ.

ಮಾರನೆಯ ದಿನ ಬನ್ನಿ. ಊರೆಲ್ಲ ಬನ್ನಿ ಎಲೆ ಕೊಟ್ಟು "ಬಂಗಾರದಂಗ ಇರೂಣು" ಎಂದು ತಬ್ಬಿಕೊಳ್ಳುತ್ತಿದ್ದರೆ ನಾನು ಸಾಲಿಯ ಮಾಳಿಗೆ ಹತ್ತಿ ಮತಾಪುಗಳನ್ನು ಬಿಸಿಲಿಗೆ ಹರವುತ್ತಿದ್ದೆ. ಒಂದರ ಕಾಗದ ಉಬ್ಬಿ ಸೀಳಿತ್ತು, ಸೀಳಿನಿಂದ ಕೆಂಪು ರಸ ಒಸರಿ ಒಣಗಿತ್ತು. ಇನ್ನೆರಡು ಮುಟ್ಟಿದರೆ ಮೆತ್ತಗಿದ್ದವು. ಎರಡು ದಿನ ಒಣಗಿಸಿ, ಅದೇ ಮೇಣದ ಕಾಗದದಲ್ಲಿ ಮತ್ತೆ ಬಿಗಿಯಾಗಿ ಸುತ್ತಿದೆ. ಮೇಲಿನಿಂದ ನೋಡಿದರೆ ಓವರಸಿಯರ್ ಕೊಟ್ಟಾಗ ಹೇಗಿದ್ದವೋ ಹಾಗೇ ಇದ್ದವು.

ಬೇರೆ ಕಳಿಸಿಕೊಡಿ ಎಂದು ಗಂಗಾವತಿಗೆ ಬರೆಯಲು ಎರಡು ಸಲ ಕೂತೆ. ಎರಡು ಸಲವೂ ಒಂದೇ ಕಡೆ ಲೇಖಣಿ ನಿಂತಿತು. ಪೂಜೆ ಮಾಡಿ ತೊಳೆದರು ಎಂದು ಬರೆದರೆ, "ನೀನು ಎಲ್ಲಿದ್ದೆ?" ಎಂದು ಕೇಳುತ್ತಾರೆ. ಅಲ್ಲೇ ಇದ್ದೆ, ಕಾಯಿ ಒಡೆದೆ ಎಂದು ಬರೆಯುವುದೇ? ನಾಳೆ ಬರೆದರಾಯಿತು ಅಂದುಕೊಂಡೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ನನಗೆ ಸಿಕ್ಕಿದ್ದು ವರುಷವಲ್ಲ, ಒಂಬತ್ತು ತಿಂಗಳು. ಅಷ್ಟೂ ತಿಂಗಳು ಆ ಪೆಟ್ಟಿಗೆ ನನ್ನ ಮೇಜಿನ ಕೆಳಗೆ ಇತ್ತು, ಕೂತಾಗಲೆಲ್ಲ ಕಾಲಿಗೆ ತಾಗುತ್ತಿತ್ತು.

ಪುಷ್ಯ ಮಳೆಯ ದಿನಗಳು. ಮಳೆಯ ಹೆಸರಷ್ಟೇ, ನಮ್ಮಲ್ಲಿ ಹನಿ ಇರಲಿಲ್ಲ. ಆಕಾಶ ತೊಳೆದಿಟ್ಟ ಹಾಗಿತ್ತು. ಆದರೆ ಮೇಲೆ ಮಲೆನಾಡಿನಲ್ಲಿ ಎಲ್ಲೋ ಸುರಿದಿರಬೇಕು. ಮಧ್ಯಾಹ್ನ ಮೂರರ ಹೊತ್ತಿಗೆ ಹೊಳೆ ಕೆಂಪಾಯಿತು, ನಾಲ್ಕಕ್ಕೆ ಅಗಸರ ಬಂಡೆ ಮುಳುಗಿತು. ಸಾಲಿ ಬಿಟ್ಟು ನಾನು ದಂಡೆಗೆ ಬರುವಷ್ಟರಲ್ಲಿ ಊರೆಲ್ಲ ಅಲ್ಲಿತ್ತು. ಗಡ್ಡೆಯ ಹುಲ್ಲು ಕಾಣುತ್ತಿರಲಿಲ್ಲ. ದೊಡ್ಡ ಗುಂಡುಕಲ್ಲಿನ ನೆತ್ತಿಯ ಮೇಲೆ ಎರಡು ಆಕೃತಿ ಕೂತಿದ್ದವು, ಒಂದು ಬಿಳಿ, ಒಂದು ಕೆಂಪು ಸೀರೆ. ಎಮ್ಮೆ ಮೇಯಿಸಲು ಹೋಗಿದ್ದವರು, ಸಾಲಿ ಸಾರಿಸುವ ಆ ಹೆಣ್ಣುಮಗಳ ಮಗ, ಅವಳ ಸೊಸೆ. ಸೊಸೆಗೆ ಆರು ತಿಂಗಳು.

ಅಂಬಿಗ ಹರಗೋಲನ್ನು ತಲೆಯ ಮೇಲೆ ಹೊತ್ತು ತಂದವನು ನೀರು ನೋಡಿ ಕೆಳಗಿಟ್ಟ. "ನಾ ಒಬ್ಬಂವ ಹೋದ್ರ ಮೂರು ಹೆಣ ಬರ್ತಾವ. ಮ್ಯಾಲಿನ ದೊಡ್ಡ ಹರಗೋಲ ಬರಬೇಕು. ಹೊತ್ತು ಮುಣಗಾಕ ಬಂತು, ತಡಾ ಮಾಡಬ್ಯಾಡ್ರಿ. ಮತಾಪು ತಗೀರಿ ಮಾಸ್ತರ್ರ!"

ಪೆಟ್ಟಿಗೆ ತಂದೆ, ಕತ್ತಲಾದೀತೆಂದು ಸಾಲಿಯ ಕಂದೀಲನ್ನೂ ಹಚ್ಚಿಕೊಂಡು ತಂದೆ. ದಾರಿಯುದ್ದಕ್ಕೂ ಒಣಗಿವೆ, ಒಣಗಿವೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ದಂಡೆಯ ಎತ್ತರದ ಜಾಗದಲ್ಲಿ ನಿಂತು ಮೊದಲನೆಯದನ್ನು ಗೀರಿದೆ. ಏನೂ ಆಗಲಿಲ್ಲ. ಮತ್ತೆ ಗೀರಿದೆ. ಕೊಳವೆಯ ತುದಿಯ ಮದ್ದು ಹಸಿಮಣ್ಣಿನಂತೆ ಉದುರಿತು. ಎರಡನೆಯದು ಚುಸ್ ಎಂದು ಒಂದು ಎಳೆ ಹೊಗೆ ಬಿಟ್ಟು ಸುಮ್ಮನಾಯಿತು. ನಾನು ಮೂರನೆಯದರ ಕಾಗದ ಬಿಚ್ಚಿದೆ. ಸೀಳಿದ್ದು ಅದೇ.

ಒಡೆದದ್ದು ಪಕ್ಕಕ್ಕೆ ಸಿಡಿಯುತ್ತದೆ ಎಂಬುದು ಆ ಇಡೀ ದಂಡೆಯಲ್ಲಿ ಯಾರಿಗೆ ಚೆನ್ನಾಗಿ ಗೊತ್ತಿತ್ತು? ಅದನ್ನು ಓದಿದವನಿಗೆ. ನನ್ನ ಕೈ ಹಿಂದೆ ಸರಿಯಿತು. ನಾನು ಸೀಳನ್ನು ಹೆಬ್ಬೆರಳಿನಿಂದ ಮುಚ್ಚಿ ಕೊಳವೆಯನ್ನು ಅಂಬಿಗನ ಕಡೆ ಚಾಚಿದೆ.

"ನನ್ನ ಕೈ ನಡಗಾಕ ಹತ್ಯಾವ. ನಿಮ್ಮ ಕೈ ಗಟ್ಟಿ ಅದಾವ, ನೀವ ಹಚ್ರಿ," ಎಂದೆ.

ಕೈ ನಡುಗುತ್ತಿದ್ದುದು ನಿಜ. ಅವನು ಎರಡು ಮಾತಾಡದೆ ತೆಗೆದುಕೊಂಡ, ಹಣೆಗೆ ಒತ್ತಿಕೊಂಡು ಗೀರಿದ. ಕೊಳವೆ ನಡುವಿನಲ್ಲೇ ಸಿಡಿದು ಬೆಂಕಿ ಅವನ ಅಂಗೈಗೆ ಮೆತ್ತಿಕೊಂಡಿತು. ಅವನು ಅರಚಿ ಅದನ್ನು ಕೊಡವಿದ. ಕೆಳಗಿನ ತಗ್ಗಿನಲ್ಲಿ ಬಿದ್ದು ಎರಡು ಉಸಿರಿನಷ್ಟು ಹೊತ್ತು ಕೆಂಪಾಗಿ ಉರಿದು ಕೆಸರಿನಲ್ಲಿ ಆರಿತು. ಆಚೆ ದಂಡೆಗೆ ಅದು ಕಂಡಿರಲು ಸಾಧ್ಯವಿರಲಿಲ್ಲ. ಯಾರೋ ಅಂಬಿಗನ ಕೈಯನ್ನು ಕೊಡದ ನೀರಿನಲ್ಲಿ ಅದ್ದಿದರು. ಅವನು ಹಲ್ಲು ಕಚ್ಚಿಕೊಂಡು, "ನನ್ನ ಹಣೆಬರ ಬಿಡ್ರಿ, ಹುಡುಗ್ರ ಗತಿ ಏನು?" ಅನ್ನುತ್ತಿದ್ದ.

ಆ ಹೆಣ್ಣುಮಗಳು ಅಳಲಿಲ್ಲ. ನನ್ನ ಪಕ್ಕದಲ್ಲಿ ಸಾಲಿಯ ಕಂದೀಲು ಇತ್ತು, ಅದನ್ನು ಎತ್ತಿಕೊಂಡು ನಡೆದಳು. ದಂಡೆಯ ದಿಬ್ಬದ ಮೇಲೆ ಅವಳ ಕಣಿಕೆಯ ಬಣವೆ ಇತ್ತು, ಒಂದು ಜೋಡಿ ಎತ್ತಿಗೆ ಮುಂದಿನ ಸುಗ್ಗಿಯವರೆಗೆ ಸಾಲುವಷ್ಟು ಜೋಳದ ದಂಟು. ಮೊದಲು ಎರಡು ತೆಕ್ಕೆ ಕಣಿಕೆ ಎಳೆದು ದೂರ ಇಟ್ಟಳು. ಸೆರಗಿನ ತುದಿ ಎತ್ತಿ ಹಿಡಿದು ಗಾಳಿ ನೋಡಿದಳು. ಗೌಡರಿಗೆ ಆಗ ತಿಳಿಯಿತು.

"ಏ ಹುಚ್ಚಿ! ನಾಳಿ ಎತ್ತಿಗಿ ಏನ್ ಹಾಕ್ತಿ?"

"ಮಗಾ ಹೋದ ಮ್ಯಾಲ ಎತ್ತು ಯಾರ ಹೊಡೀತಾರ್ರಿ, ಗೌಡ್ರ?" ಎಂದಳು. ನನ್ನ ಕಡೆ ತಿರುಗಿ, "ಮಾಸ್ತರ್ರ, ಹಿಂದ ಸರೀರಿ, ಗಾಳಿ ಹೊಳಿ ಕಡಿ ಐತಿ, ಊರಿಗೇನೂ ಆಗೂದಿಲ್ಲ" ಎಂದು ಕಂದೀಲಿನ ಎಣ್ಣೆ ಸುರಿದು ಬತ್ತಿ ತಾಗಿಸಿದಳು.

ಒಣ ಕಣಿಕೆ. ನಾವು ಹತ್ತು ಹೆಜ್ಜೆ ಹಿಂದೆ ಹೋಗುವಷ್ಟರಲ್ಲಿ ಬಣವೆ ನೆತ್ತಿಯವರೆಗೆ ಹತ್ತಿಕೊಂಡಿತು. ಆಚೆ ದಂಡೆಯ ಬೆಸ್ತರು ಆಮೇಲೆ ಹೇಳಿದರು, ಮಳೆಗಾಲದ ನಡುವೆ ಯಾರೂ ತಮ್ಮ ಬಣವೆಗೆ ಬೆಂಕಿ ಇಡುವುದಿಲ್ಲ, ಬಣವೆಗೆ ಬೆಂಕಿ ಬಿದ್ದರೆ ಜನ ನೀರು ಹೊತ್ತು ಓಡಾಡುತ್ತಾರೆ, ಇಲ್ಲಿ ಎಲ್ಲರೂ ಹೊಳೆಯ ಕಡೆ ಮುಖ ಮಾಡಿ ಸುಮ್ಮನೆ ನಿಂತಿದ್ದಾರೆ, ಏನೋ ಆಗಿದೆ ಅಂದುಕೊಂಡರಂತೆ. ದೀಪ ಹಚ್ಚುವ ಹೊತ್ತಿಗೆ ಎರಡು ದೊಡ್ಡ ಹರಗೋಲುಗಳು ಸೆಳವಿನಲ್ಲಿ ತಿರುಗುತ್ತ ಬಂದವು. ಬಣವೆ ಅಷ್ಟು ಹೊತ್ತಿಗೆ ಕೆಂಡವಾಗಿತ್ತು, ಗಡ್ಡೆ ಕಾಣುತ್ತಿರಲಿಲ್ಲ. ಆಗ ಅವಳು ಉಳಿಸಿಟ್ಟಿದ್ದ ಎರಡು ತೆಕ್ಕೆಯನ್ನು ಗುಂಡುಕಲ್ಲಿಗೆ ನೇರವಾಗಿ ನೀರಿನ ಅಂಚಿಗೆ ಒಯ್ದು ಒಂದಾದ ಮೇಲೊಂದು ಉರಿಸಿದಳು. ಆ ಬೆಳಕನ್ನು ಗುರಿ ಹಿಡಿದು ಹರಗೋಲಿನವರು ಗುಂಡುಕಲ್ಲಿಗೆ ಹಗ್ಗ ಹಾಕಿದರು.

ಮಗ ಸೊಸೆ ಇಬ್ಬರೂ ಬದುಕಿದರು. ಎಮ್ಮೆಗಳು ಹೋದವು. ಸೊಸೆ ದಂಡೆಗೆ ಇಳಿದ ಕೂಡಲೇ ಅತ್ತೆಯ ಕಾಲ ಬಳಿ ಕುಸಿದು ಕೂತಳು. ಅವಳು ಸೊಸೆಯ ತಲೆ ಒರೆಸುತ್ತ ಒರೆಸುತ್ತ ಆಗ ಅತ್ತಳು.

ನಾನು ಓದಿದ್ದ ಒಂದೊಂದು ಮಾತನ್ನೂ ಅವಳು ಮಾಡಿ ತೋರಿಸಿದ್ದಳು. ಗಾಳಿ ನೋಡಿದಳು, ಜಾಗ ನೋಡಿದಳು, ಕೊನೆಗೆಂದು ಉಳಿಸಿಕೊಂಡಳು. ಅಕ್ಷರ ಬಾರದವಳು. ಅಕ್ಷರ ಬಂದವನು ಪಕ್ಕದಲ್ಲಿ ಬರಿಗೈಯಲ್ಲಿ ನಿಂತಿದ್ದ. ಆ ರಾತ್ರಿ ನಾಚಿಕೆಯಿಂದ ಊಟ ಸೇರಲಿಲ್ಲ ಎಂದು ಬರೆಯಬೇಕೆನಿಸುತ್ತದೆ. ಊಟ ಸೇರಿತು. ಇಬ್ಬರೂ ಬದುಕಿದರಲ್ಲ, ಇನ್ನು ಯಾರೂ ಕೇಳುವುದಿಲ್ಲ ಎಂಬ ನಿರಾಳದಲ್ಲಿ ಎರಡು ರೊಟ್ಟಿ ಹೆಚ್ಚೇ ತಿಂದೆ.

ಮೂರು ದಿನದ ಮೇಲೆ ಗಂಗಾವತಿಗೆ ವರದಿ ಬರೆದೆ. "ಹೊಳೆ ತುಂಬಿ ಇಬ್ಬರು ಗಡ್ಡೆಯಲ್ಲಿ ಸಿಕ್ಕಿದ್ದರು. ಮೂರು ಮತಾಪುಗಳೂ ಖರ್ಚಾದವು. ಇಬ್ಬರೂ ಬದುಕಿ ಬಂದರು." ಒಂದೊಂದು ವಾಕ್ಯವೂ ಸತ್ಯ. ಪಕ್ಕಪಕ್ಕದಲ್ಲಿ ಇಟ್ಟು ಸುಳ್ಳು ಮಾಡಿದ್ದೆ. ಉತ್ತರ ಬೇಗ ಬಂತು: ಮಾಸ್ತರರ ಸಮಯಪ್ರಜ್ಞೆಗೆ ಶಾಬಾಸ್. ಅದನ್ನು ಚಾವಡಿಯಲ್ಲಿ ನಾನೇ ಓದಿದೆ, ಮೊದಲು ಉರ್ದುವಿನಲ್ಲಿ, ಆಮೇಲೆ ಕನ್ನಡದಲ್ಲಿ.

ಅಷ್ಟರಲ್ಲಿ ಊರಲ್ಲಿ ಬೇರೆ ಮಾತು ಹುಟ್ಟಿತ್ತು. ಮತಾಪು ಯಾಕೆ ಹತ್ತಲಿಲ್ಲ? ಹಾಲು ತುಪ್ಪ ಎರೆದು ಪೂಜೆ ಮಾಡಿದ್ದು. ಪೂಜೆ ಮಾಡಿದ್ದು ಕೈ ಕೊಡುವುದಿಲ್ಲ, ಕೊಟ್ಟಿತೆಂದರೆ ಪೂಜೆಯಲ್ಲಿ ಕೆಡುಕಾಗಿರಬೇಕು. ಏನು ಕೆಡುಕು? ಮಂಗಳಾರತಿಯ ಹೊತ್ತಿಗೆ ಗಂಡ ಸತ್ತವಳು "ಬೇಡ" ಅಂದಿದ್ದಳಲ್ಲ. ಅವಳ ಬಾಯಿ ತಾಗಿ ಮತಾಪು ಕೆಟ್ಟಿತು, ಅಂಬಿಗನ ಕೈ ಸುಟ್ಟಿತು. ಅಂಬಿಗನ ಎರಡು ಬೆರಳು ಮತ್ತೆ ಮಡಚಲು ಬರಲಿಲ್ಲ, ಹುಟ್ಟು ಹಾಕುವವನಿಗೆ ಅದು ಸಣ್ಣ ಮಾತಲ್ಲ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಅನ್ನುತ್ತಾರೆ. ಇಲ್ಲಿ ಕೋತಿ ಒರೆಸಬೇಕಾಗಿಯೂ ಬರಲಿಲ್ಲ, ಊರೇ ಒರೆಸಿ ಕೊಟ್ಟಿತು.

ನಾನು ಆ ವರ್ಷವೇ ವರ್ಗ ಬೇಡಿಕೊಂಡು ತಾವರಗೇರಾಕ್ಕೆ ಹೋದೆ. ಕುಷ್ಟಗಿ ತಾಲೂಕು, ಹೊಳೆಯಿಲ್ಲ, ಹರಗೋಲಿಲ್ಲ. ಅಲ್ಲಿಯೇ ಮದುವೆ, ಮಕ್ಕಳು, ನಿವೃತ್ತಿ. ಹೋಗುವ ಮೊದಲು ಚಾವಡಿಯಲ್ಲಿ ಒಂದು ಸಂಜೆ ಕಳೆಯಬೇಕಾಯಿತು. ಉಳಿದದ್ದೆಲ್ಲವನ್ನು ಹೇಗೋ ನುಂಗಿಕೊಂಡಿದ್ದೇನೆ, ಆ ಸಂಜೆ ಇನ್ನೂ ಗಂಟಲಲ್ಲಿದೆ.

ಪಂಚರು ಕೂತಿದ್ದರು. ಅಂಬಿಗ ಸುಟ್ಟ ಕೈಗೆ ಲೋಳೆಸರ ಮೆತ್ತಿ ಬಟ್ಟೆ ಸುತ್ತಿಕೊಂಡು ಒಂದು ಮೂಲೆಯಲ್ಲಿ ಕೂತಿದ್ದ. ಅವಳು ಮೆಟ್ಟಿಲ ಕೆಳಗೆ ನಿಂತಿದ್ದಳು, ಒಬ್ಬಳೇ. ಮಗ ಅಂದಿನಿಂದ ಜ್ವರ ಹಿಡಿದು ಮಲಗಿದ್ದ. ಗೌಡರು ತೀರ್ಮಾನ ಹೇಳಿದರು: ಇನ್ನು ಮುಂದೆ ಅವಳು ಚಾವಡಿಗೂ ಸಾಲಿಗೂ ಕಾಲಿಡಬಾರದು, ಊರ ಪೂಜೆಯಲ್ಲಿ ಎದುರಿಗೆ ನಿಲ್ಲಬಾರದು, ಸುಗ್ಗಿಯ ಜೋಳವೂ ಇಲ್ಲ. ಬಣವೆ ಸುಟ್ಟುಕೊಂಡವಳಿಗೆ, ಎಮ್ಮೆ ಕಳೆದುಕೊಂಡವಳಿಗೆ ಆ ಜೋಳವೇ ಆ ವರ್ಷದ ಅನ್ನ.

"ಜ್ವಾಳದ ಮಾತು ಹಿಂದಾಗಡೆ ಆಡೂಣ್ರಿ," ಎಂದಳು ಅವಳು. ದನಿ ಏರಿರಲಿಲ್ಲ. "ನಾ ಅಪಶಕುನ ನುಡದಿಲ್ಲ. ಆ ಚೀಟ್ಯಾಗ ಇದ್ದದ್ದ ಹೇಳೀನಿ. ನೀರು ತಾಕಬಾರದು ಅಂತ ಅದರಾಗ ಐತಿ. ಮಾಸ್ತರ್ರು ಇಲ್ಲೇ ಅದಾರ, ಅವರನ್ನ ಕೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. "ಹೌದೇನ್ರಿ ಮಾಸ್ತರ್ರ?" ಎಂದರು ಗೌಡರು. "ಹಂಗ ಬರದಿತ್ತೇನು?"

ಆ ಕಾಗದ ನನ್ನ ಕೋಟಿನ ಒಳಜೇಬಿನಲ್ಲಿತ್ತು. ಬೆಳಿಗ್ಗೆ ಹೊರಡುವಾಗ ನಾನೇ ಇಟ್ಟುಕೊಂಡಿದ್ದೆ, ಕೇಳಿದರೆ ಓದಿಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿಕೊಂಡೇ ಬಂದಿದ್ದೆ. ಇಷ್ಟಂತೂ ನನ್ನ ಪರವಾಗಿ ಹೇಳಿಕೊಳ್ಳಬಹುದು, ಆದರೆ ಹೇಳಿಕೊಂಡರೆ ನಾಚಿಕೆ ಇಮ್ಮಡಿಯಾಗುತ್ತದೆ. ಯಾಕೆಂದರೆ ಓದಿದರೆ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು. ಹಾಗಾದರೆ ಪೂಜೆಯ ದಿನ ನೀವು ಯಾಕೆ ಸುಮ್ಮನಿದ್ದಿರಿ? ಕೆಟ್ಟದ್ದನ್ನು ಅಂಬಿಗನ ಕೈಗೆ ಯಾಕೆ ಕೊಟ್ಟಿರಿ? ಗಂಗಾವತಿಯ ಶಾಬಾಸ್‌ಗಿರಿ ಯಾರಿಗೆ ಬರಬೇಕಾಗಿತ್ತು? ಅಂಬಿಗ ಮೂಲೆಯಿಂದ ನನ್ನನ್ನೇ ನೋಡುತ್ತಿದ್ದ, ಸಿಟ್ಟಿನಿಂದಲ್ಲ, ಮಾಸ್ತರರು ಏನು ಹೇಳುತ್ತಾರೋ ಎಂಬ ನಂಬಿಕೆಯಿಂದ.

"ನೆನಪಿಲ್ರಿ," ಎಂದೆ.

ನಾನು ಕತ್ತೆತ್ತಿದಾಗ ಅವಳ ಕಣ್ಣು ನನ್ನ ಮೇಲೇ ಇತ್ತು. ಈಗ ಬೈಯುತ್ತಾಳೆ, ಮಣ್ಣು ತೂರುತ್ತಾಳೆ, ಇಲ್ಲವೇ ಆ ಕಾಗದದಲ್ಲಿದ್ದುದನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿಬಿಡುತ್ತಾಳೆ ಎಂದು ಕಾದೆ. ಅವಳಿಗೆ ಅದು ಬರುತ್ತಿತ್ತು. ಒಪ್ಪಿಸಿದ್ದರೆ ನಾನು ಬಚಾವಾಗುತ್ತಿದ್ದೆ, ಹೌದೆಂದು ಒಪ್ಪಲೇಬೇಕಾಗುತ್ತಿತ್ತು. ಅವಳು ನನ್ನನ್ನು ನೋಡಿದಳು, ನನ್ನ ಕೈ ಕೋಟಿನ ಎದೆಯನ್ನು ಒತ್ತಿ ಹಿಡಿದಿದ್ದನ್ನೂ ನೋಡಿದಳು. ಆಮೇಲೆ ಗೌಡರ ಕಡೆ ತಿರುಗಿದಳು.

"ಹೋಗ್ಲಿ ಬಿಡ್ರಿ, ಗೌಡ್ರ. ಮಾಸ್ತರ್ರಿಗೆ ನೂರಾಎಂಟು ಕಾಗದ ಓದೂದು ಇರ್ತೈತಿ, ಸಣ್ಣ ವಯಸ್ಸು, ಎಲ್ಲಾ ನೆನಪಿಡಾಕ ಆಗ್ತೈತೇನು? ಅವರಿಗೇನೂ ಅನಬ್ಯಾಡ್ರಿ. ನಂದ ತಪ್ಪಿರಬೇಕು."

ಸೆರಗು ತಲೆಯ ಮೇಲೆ ಎಳೆದುಕೊಂಡು ಮನೆಯ ಕಡೆ ನಡೆದಳು. ಗೌಡರು ಅವಳು ಹೋದ ದಾರಿಯನ್ನು ನೋಡಿ ನಕ್ಕು ನನ್ನ ಭುಜದ ಮೇಲೆ ಕೈಯಿಟ್ಟರು.

"ತನ್ನದ ತಪ್ಪು ಅಂತ ತಾನ ಒಪ್ಪಿದ್ಳು. ಆತಲ್ರಿ ಮಾಸ್ತರ್ರ?"

ನಾನು ಹೌದೆಂದು ತಲೆಯಾಡಿಸಿದೆ.